ಮೀನಿನ ತವರು

ಹುಳ ಅಗೆಯುವ ಕೆಲಸಕ್ಕೆ ಮೊದಲು ಸೊಂಟ ಬೇಕು, ಆಮೇಲೆ ಉಗುರು. ಸೊಂಟ ಹೇಗೋ ನಡೆದೀತು, ಉಗುರು ಉಳಿಯುವುದಿಲ್ಲ. ಹುಳದಕ್ಕನ ಹತ್ತು ಬೆರಳಲ್ಲಿ ಒಂದಕ್ಕೂ ನೆಟ್ಟಗೆ ಉಗುರಿರಲಿಲ್ಲ. ಗುದ್ದಲಿ ಹಾಕಿದರೆ ಎರೆಹುಳ ತುಂಡಾಗುತ್ತದೆ. ತುಂಡಾದ ಹುಳವನ್ನು ಗಾಳ ಹಾಕುವ ಕ್ಲಬ್ಬಿನವರು ಮುಟ್ಟುವುದಿಲ್ಲ. ಇಡೀ ಹುಳವನ್ನೂ ಮುಟ್ಟುವುದಿಲ್ಲ, ಆ ಮಾತು ಬೇರೆ. ಹಾಗಾಗಿ ಕೈಯಲ್ಲೇ ಅಗೆಯಬೇಕು. ಕೆರೆಯ ಹಿಂದೆ, ಊರಿನ ಚರಂಡಿ ಬಂದು ಸೇರುವ ಕಡೆ, ಕಪ್ಪು ಕೆಸರಿನಲ್ಲಿ ಮಂಡಿಯೂರಿ ಕೂತು ಬೆರಳು ಹಾಕಿ ಬಗೆಯಬೇಕು. ಗಾಜಿನ ಚೂರು ಚುಚ್ಚಿದರೆ ಬೆರಳನ್ನು ಬಾಯಲ್ಲಿಟ್ಟುಕೊಳ್ಳುವ ಹಾಗೂ ಇಲ್ಲ. ಆ ಮಣ್ಣು ಅಂಥದ್ದು.

ಕೇರಿಯವರಿಗೆ ಅವಳು ಹುಳದಕ್ಕ. ಕ್ಲಬ್ಬಿನವರಿಗೆ ಬರೀ ಹುಳ. "ಏ ಹುಳ, ಇಲ್ಲಿ ಬಾ" ಎಂದು ಕರೆದರೆ ಡಬ್ಬಿ ಕೊಟ್ಟು ಕಳಿಸಬೇಕೋ, ತಾನೇ ಹೋಗಬೇಕೋ ಎಂದು ಮೊದಮೊದಲು ಅವಳಿಗೆ ತಿಳಿಯುತ್ತಿರಲಿಲ್ಲ. ಬರಬರುತ್ತಾ ತಿಳಿಯಿತು. ಅವರಿಗೆ ಎರಡೂ ಒಂದೇ.

ಒಂದು ಕಾಲಕ್ಕೆ ಆ ಕೆರೆಗೆ ಬಲೆ ಬಿಡುತ್ತಿದ್ದದ್ದು ಅವಳ ಅಪ್ಪ, ಅಪ್ಪನ ಅಪ್ಪ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಅನ್ನುತ್ತಾರೆ. ಅಂದವರು ಈ ಕೆರೆ ನೋಡಿಲ್ಲ. ಇಲ್ಲಿನ ದೊಣ್ಣೆನಾಯಕನಿಗೆ ಆಫೀಸಿತ್ತು, ತಿರುಗುವ ಕುರ್ಚಿಯಿತ್ತು, ಅವನನ್ನು ಸೆಕ್ರೆಟರಿ ಎಂದು ಕರೆಯುತ್ತಿದ್ದರು. ಕೆರೆಯನ್ನು ಗಾಳ ಹಾಕುವವರ ಕ್ಲಬ್ಬಿಗೆ ವಹಿಸಿಕೊಟ್ಟಿದ್ದೇವೆ ಎಂದು ಒಂದು ದಿನ ಯಾರೋ ಬಂದು ಹೇಳಿದರು. ಮರುವಾರ ಬೇಲಿ ಬಂತು. ಬಲೆ ಹಾಕಿದರೆ ಕೇಸು ಎಂದು ಬೋರ್ಡು ಬಂತು. ಕೇರಿಗೆ ಉಳಿದದ್ದು ಕೋಡಿಯ ಕೆಳಗಿನ ಹಳ್ಳ ಮಾತ್ರ. ಕೆರೆ ತುಂಬಿ ಕೋಡಿ ಹರಿದಾಗ ನೀರಿನ ಜೊತೆ ಮರಿಮೀನು ಹಳ್ಳಕ್ಕೆ ಇಳಿಯುತ್ತವೆ. ಅವು ಬೆಳೆದರೆ ಕೇರಿಗೆ ಊಟ. ಕೆರೆಯಲ್ಲಿ ಮರಿ ಆಗದಿದ್ದರೆ ಹಳ್ಳದಲ್ಲಿ ಮೀನಿಲ್ಲ. ಇಷ್ಟೇ ಕೇರಿಯ ಬದುಕು, ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಅವಳ ಅಣ್ಣನಿಗೆ ಕ್ಲಬ್ಬಿನವರು ದೋಣಿ ನಡೆಸುವ ಕೆಲಸ ಕೊಟ್ಟರು. ಅವಳಿಗೆ ಹುಳದ ಕೆಲಸ. ಕಿತ್ತುಕೊಂಡವರೇ ಕೆಲಸ ಕೊಟ್ಟಾಗ ಬೇಡ ಅನ್ನಲು ಹೊಟ್ಟೆ ತುಂಬಿರಬೇಕು.

ಕ್ಲಬ್ಬಿಗೆ ಒಂದು ನಿಯಮ. ಹಿಡಿ, ಅಳೆ, ಬಿಡು. ಮೀನು ಹಿಡಿಯಬೇಕು, ಟೇಪು ಹಿಡಿದು ಉದ್ದ ಅಳೆಯಬೇಕು, ಫೋಟೋ ತೆಗೆಸಿಕೊಳ್ಳಬೇಕು, ವಾಪಸ್ ನೀರಿಗೆ ಬಿಡಬೇಕು. ಅಣ್ಣ ಮೊದಲ ದಿನ ಕೆಲಸ ಮುಗಿಸಿ ಬಂದು ಇದನ್ನು ಹೇಳಿದಾಗ ಅತ್ತಿಗೆ ನಂಬಲಿಲ್ಲ.

"ತಿನ್ನೋದಿಲ್ಲ ಅಂದ್ಮೇಲೆ ಹಿಡಿಯೋದು ಯಾಕೆ?"

"ಖುಷಿಗಂತೆ."

"ಯಾರ ಖುಷಿಗೆ? ಮೀನಿನ ಖುಷಿಗಾ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಕೇರಿಯವರೆಲ್ಲ ಅವತ್ತು ನಕ್ಕರು. ನಗು ಬಹಳ ದಿನ ಬಾಳಲಿಲ್ಲ. ಬೆಕ್ಕಿಗೆ ಇಲಿಯನ್ನು ಹುಡುಕಿಕೊಡುವ ಕೆಲಸ ತಮಗೇ ಬಿದ್ದಿದೆ ಎಂದು ತಿಳಿದ ಮೇಲೆ ಯಾರಿಗೆ ತಾನೇ ನಗು ಬರುತ್ತದೆ?

ಹುಳ ತಂದು ಕೊಟ್ಟರೆ ಮುಗಿಯುತ್ತಿರಲಿಲ್ಲ. ಮೆಂಬರುಗಳಿಗೆ ಹುಳ ಮುಟ್ಟಲು ಅಸಹ್ಯ. ಗಾಳಕ್ಕೆ ಅದನ್ನು ಪೋಣಿಸಿ ಕೊಡಬೇಕು. ಮೀನು ಸಿಕ್ಕರೆ ಲೋಳೆಲೋಳೆ ಎಂದು ಅದನ್ನೂ ಮುಟ್ಟುವುದಿಲ್ಲ. ಇವಳೇ ಗಾಳ ಬಿಡಿಸಬೇಕು, ಒದ್ದಾಡದಂತೆ ಹಿಡಿದುಕೊಳ್ಳಬೇಕು, ಟೇಪಿಗೆ ಒಡ್ಡಬೇಕು. ಫೋಟೋದ ಹೊತ್ತಿಗೆ ಅವರು ಕೈಗವಸು ಹಾಕಿಕೊಂಡು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಲ್ಲು ಕಿಸಿಯುತ್ತಿದ್ದರು. "ಪಕ್ಕಕ್ಕೆ ಹೋಗು, ಇನ್ನೂ ಪಕ್ಕಕ್ಕೆ" ಎಂದು ಫೋಟೋದವನು ಕೈ ಬೀಸುತ್ತಿದ್ದ. ಕ್ಲಬ್ಬಿನ ಹಾಲಿನ ಗೋಡೆಯ ತುಂಬ ಆ ಫೋಟೋಗಳು. ಒಂದರ ಅಂಚಿನಲ್ಲಿ ಉಗುರಿಲ್ಲದ ಒಂದು ಹೆಬ್ಬೆರಳು ಹೇಗೋ ಉಳಿದುಕೊಂಡಿತ್ತು. ಅಣ್ಣ ಅದನ್ನು ಮನೆಗೆ ಬಂದು ಹೇಳಿದ. ಕ್ಲಬ್ಬಿನ ಹಾಲಿನೊಳಗೆ ಅವಳು ಕಾಲಿಡುವಂತಿರಲಿಲ್ಲ.

ಕೈ ತೊಳೆಯುವುದು ದೋಣಿ ತೊಳೆಯುವ ನಲ್ಲಿಯಲ್ಲಿ. ಒಂದು ಸಲ ಹಸಿವಾಗಿ, ಬಿಸಿಲಿಗೆ ತಲೆ ಸುತ್ತಿ, ವರಾಂಡದ ಬೇಸಿನ್ನಿನಲ್ಲಿ ಮುಖ ತೊಳೆದಿದ್ದಳು. ಸೆಕ್ರೆಟರಿ ಬೈಯಲಿಲ್ಲ. ಆಳನ್ನು ಕರೆದು, ಅವಳು ನೋಡುತ್ತಿದ್ದಂತೆಯೇ, ಬೇಸಿನ್ನಿಗೆ ಫಿನಾಯಿಲ್ ಹಾಕಿಸಿದ. ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳೇನೋ.

ಇಷ್ಟಾದರೂ ಅವಳ ಬಾಯಿ ಮುಚ್ಚಿರಲಿಲ್ಲ. ಹುಟ್ಟುಗುಣ. ಮಾತಾಡದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಆ ಬಾಯಿಯೂ ತಮಗೆ ಉಪಯೋಗಕ್ಕೆ ಬರುತ್ತದೆಂದು ಸೆಕ್ರೆಟರಿ ಕಂಡುಕೊಂಡ. ಶನಿವಾರ ಬೆಳಿಗ್ಗೆ ಹೊಸ ಮೆಂಬರುಗಳಿಗೆ ಪಾಠ. ಅವರು ಮಡಿಚುವ ಕುರ್ಚಿಗಳಲ್ಲಿ ಕೂರುತ್ತಿದ್ದರು, ಇವಳು ದಡದ ಕಲ್ಲಿನ ಮೇಲೆ.

"ನೆರಳು ನೀರಿಗೆ ಬೀಳಬಾರದು ಸಾರ್. ಬಿಸಿಲು ಮುಖಕ್ಕೆ ಹೊಡೀಲಿ, ಬೆನ್ನಿಗೆ ಬೇಡ. ನೆರಳು ಕಂಡ್ರೆ ಕೊಕ್ಕರೆ ಬಂತು ಅಂತ ಓಡ್ತವೆ. ಗಾಳಿ ಯಾವ ದಡಕ್ಕೆ ಬೀಸುತ್ತೋ ಆ ದಡಕ್ಕೆ ಹೋಗಿ, ಮೇವೆಲ್ಲ ಅಲ್ಲೇ ಸೇರಿರುತ್ತೆ. ಗಾಳಿ ಮುಖಕ್ಕೆ ಹೊಡೆಯುತ್ತೆ ಅಂತ ಆಚೆ ದಡಕ್ಕೆ ಹೋಗಿ ಕೂತ್ರೆ ನಿದ್ದೆ ಚೆನ್ನಾಗಿ ಬರುತ್ತೆ, ಮೀನು ಬರಲ್ಲ. ಸೋಪು ಹಾಕಿದ ಕೈಯಲ್ಲಿ ದಾರ ಮುಟ್ಟಬೇಡಿ. ದೋಣಿ ತಳಕ್ಕೆ ಬೂಟುಗಾಲು ಬಡೀಬೇಡಿ, ಬೇಕಾದ್ರೆ ಹಾಡು ಹೇಳ್ಕೊಳ್ಳಿ."

"ದಾರದ ಬೆಂಡು ಅಲ್ಲಾಡಿದ ತಕ್ಷಣ ಎಳೀಬೇಕಾ?" ಎಂದು ಒಬ್ಬ ಕೇಳಿದ.

"ಅಯ್ಯೋ, ಬೇಡಿ. ಮೊದಲು ಮೂಸುತ್ತೆ. ಆಮೇಲೆ ಮುತ್ತಿಕ್ಕುತ್ತೆ. ಆಮೇಲೆ ನುಂಗುತ್ತೆ. ಮುತ್ತಿಕ್ಕೋ ಹೊತ್ತಲ್ಲಿ ಎಳೆದ್ರೆ ಸಂಬಂಧ ಮುರಿದು ಹೋಗುತ್ತೆ ಸಾರ್."

ಎಲ್ಲ ನಕ್ಕರು. ಅವಳಿಗೂ ಒಳಗೊಳಗೆ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಆ ಒಂದು ಗಳಿಗೆ ಅವರು ಅವಳ ಮುಖ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೇ ಮಾತಿಗೆ ಪ್ಯಾಂಟು ತೊಡಿಸಿ ಸೆಕ್ರೆಟರಿ ತನ್ನದೆಂದು ಹೇಳುತ್ತಿದ್ದ. ಹೇಳಿಕೊಳ್ಳಲಿ ಬಿಡು, ಮಾತಿಗೇನು ಬರ, ಎಂದು ಅವಳು ಸುಮ್ಮನಿದ್ದಳು.

ಹೊಸ ನೀರು ಬಂದ ಮೇಲಿನ ಶನಿವಾರ. ಕೆರೆ ಕೆಂಪಾಗಿತ್ತು. ಮೆಂಬರುಗಳಲ್ಲಿ ಒಬ್ಬನನ್ನು ಕೇರಿಯವರು ಟೋಪಿ ಸಾಹೇಬ ಎನ್ನುತ್ತಿದ್ದರು. ಸುತ್ತಲೂ ಗಾಳಗಳನ್ನು ಸಿಕ್ಕಿಸಿಕೊಂಡ ದೊಡ್ಡ ಟೋಪಿ ಅವನದು. ಯಾರಿಗೂ ಟೋಪಿ ಹಾಕದ ಮನುಷ್ಯ, ತನಗೆ ತಾನೇ ಹಾಕಿಕೊಳ್ಳುತ್ತಾನೆ ಎಂದು ಅತ್ತಿಗೆಯ ತಮಾಷೆ. ಅವನು ಕೇಳಿದ.

"ಇತ್ತೀಚೆಗೆ ದೊಡ್ಡವು ಬೀಳ್ತಾನೇ ಇಲ್ವಲ್ಲ. ಎಲ್ಲಿ ಹೋದವು?"

"ಈಗೆಲ್ಲಿ ಸಾರ್? ಎಲ್ಲಾ ಬಸುರಿಯರು. ತವರಿಗೆ ಹೋಗಿದಾರೆ."

"ತವರಾ? ಮೀನಿಗೂ ತವರಾ? ಎಲ್ಲಿದೆ?"

ಅವಳು ಗದ್ದ ಎತ್ತಿ ತೋರಿಸಿದಳು. "ಅಗೋ, ಆ ಜೊಂಡಿನ ಹಿಂದೆ. ಹೊಸ ನೀರು ಬಂದು ಸೇರೋ ತೋಡು. ಸೊಂಟದಷ್ಟು ನೀರು, ಬೆಚ್ಚಗಿರುತ್ತೆ. ಜೊಂಡಿಗೆ ಮೈ ಉಜ್ಜಿ ಮೊಟ್ಟೆ ಇಡ್ತವೆ."

ಇಷ್ಟೇ ಅವಳು ಹೇಳಿದ್ದು. ಯಾಕೆ ಹೇಳಿದಳು ಎಂದು ಆಮೇಲೆ ಎಲ್ಲರೂ ಕೇಳಿದರು. ಕೇರಿಯಲ್ಲಿ ತವರು ಎನ್ನುವುದು ಜಾಗದ ಹೆಸರಲ್ಲ, ಅದೊಂದು ಬೇಲಿ. ಅವಳ ಅಪ್ಪ 'ಅವು ತವರಿಗೆ ಹೋಗಿವೆ' ಎಂದರೆ, ಇನ್ನು ಅವು ತಿರುಗಿ ಬರುವ ತನಕ ಬಲೆ ಅಟ್ಟದ ಮೇಲಿರಲಿ ಎಂದು ಅರ್ಥ. ಹಸಿವಿದ್ದ ವರ್ಷದಲ್ಲೂ ಆ ಜೊಂಡಿನೊಳಗೆ ಯಾರೂ ಕಾಲಿಟ್ಟಿರಲಿಲ್ಲ. ಒಳಗೆ ಬಾಣಂತಿ ಇದ್ದಾಳೆ ಎಂದು ಹೇಳಿದ ಮೇಲೆ ಬಾಗಿಲು ತಳ್ಳಿಕೊಂಡು ಬರುವ ಗಂಡಸು ಇರುತ್ತಾನೆಂದು ಯಾರಾದರೂ ಎಣಿಸುತ್ತಾರೆಯೇ? ಅವಳು ಹೇಳಿದ್ದು, ಹೋಗಬೇಡಿ ಎಂದು. ಅವರಿಗೆ ಕೇಳಿಸಿದ್ದು, ಬನ್ನಿ ಎಂದು.

ಅವತ್ತು ಸಂಜೆಯೇ ಟೋಪಿ ಸಾಹೇಬ ಅಣ್ಣನ ದೋಣಿಯಲ್ಲಿ ಆ ಕಡೆ ಹೋದ. ಅಣ್ಣ ಹುಟ್ಟು ಹಾಕಿದ. ಹಾಕು ಅಂದರೆ ಹಾಕುವುದೇ ಅವನ ಕೆಲಸ. ಸ್ವಲ್ಪ ಹೊತ್ತಿಗೆ ಜೊಂಡಿನ ಹಿಂದಿನಿಂದ ಕೇಕೆ ಕೇಳಿಸಿತು. ದಡಕ್ಕೆ ಬಂದಾಗ ದೋಣಿಯಲ್ಲಿ ಒಂದು ಮೀನು ಇತ್ತು. ತೊಡೆಯಷ್ಟು ದಪ್ಪ, ಹೊಟ್ಟೆ ಬಿಗಿದು ಹೊಳೆಯುತ್ತಿತ್ತು. "ಏ ಹುಳ, ಬೇಗ ಬಾ, ಹಿಡಿ" ಎಂದರು.

ಅವಳು ಹೋದಳು. ಹಿಡಿದಳು. ತುಟಿ ಹರಿದಿತ್ತು. ಕಿವಿರು ಬಾಯಿ ಬಿಟ್ಟು ಮುಚ್ಚುತ್ತಿತ್ತು. ಹೊಟ್ಟೆಯ ಕೆಳಗೆ ಕೈ ಕೊಟ್ಟಾಗ ಅದರ ಭಾರ ಅವಳಿಗೆ ತಿಳಿಯಿತು. ಒಳಗಿನದೆಲ್ಲ ಕೈಗೆ ತಿಳಿಯಿತು. ಟೇಪು ಹಿಡಿದರು. ಎಲ್ಲ ಚಪ್ಪಾಳೆ ತಟ್ಟಿದರು. ಟೋಪಿ ಸಾಹೇಬ ಮೀನನ್ನು ಎತ್ತಿಕೊಂಡು ಎದೆಗೊತ್ತಿ ನಿಂತ. ಒತ್ತಿದ್ದಕ್ಕೆ ಹೊಟ್ಟೆಯಿಂದ ಮೊಟ್ಟೆ ಹರಿಯತೊಡಗಿತು. ಹಳದಿ ರವೆಯ ಹಾಗೆ, ಅವನ ಅಂಗಿಯ ಮೇಲೆ, ಪ್ಯಾಂಟಿನ ಮೇಲೆ, ಬೂಟಿನ ಮೇಲೆ.

"ಛೆ, ಏನೋ ಸುರೀತಿದೆ. ಒರೆಸೇ, ಒರೆಸು."

ಅವಳು ಬಗ್ಗಿ ಅವನ ಬೂಟು ಒರೆಸಿದಳು. ಒರೆಸುತ್ತಾ ಅಂಗೈಯಲ್ಲಿ ಮೊಟ್ಟೆ ತುಂಬಿಕೊಂಡಿತು. ಎಲ್ಲಿ ಹಾಕಬೇಕೆಂದು ಅವಳಿಗೆ ತೋಚಲಿಲ್ಲ. ಮೇಲಿನಿಂದ ಕ್ಯಾಮೆರಾದ ಸದ್ದು ಕೇಳುತ್ತಿತ್ತು. ಆಮೇಲೆ ಮೀನನ್ನು ನೀರಿಗೆ ಬಿಟ್ಟರು. ಅದು ಈಜಲಿಲ್ಲ. ಒಂದು ಪಕ್ಕಕ್ಕೆ ವಾಲಿ ಮೆಲ್ಲಗೆ ಒಳಗೆ ಹೋಯಿತು. "ಹೋಗ್ ಮಗಳೇ, ಸುಖವಾಗಿರು" ಎಂದು ಟೋಪಿ ಸಾಹೇಬ ಕೈ ಬೀಸಿದ. ಅವನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು.

ಮರುದಿನ ಬೆಳಿಗ್ಗೆ ಕೋಡಿಯ ಕಲ್ಲಿಗೆ ಆ ಮೀನು ಬಂದು ತಾಗಿತ್ತು. ಹೊಟ್ಟೆ ಮೇಲಾಗಿ. ಕಾಗೆ ಕಣ್ಣು ಕುಕ್ಕಿಯಾಗಿತ್ತು.

ಅವಳು ನೇರ ಸೆಕ್ರೆಟರಿಯ ಕೋಣೆಗೆ ಹೋದಳು. ಬಾಗಿಲ ಹೊರಗಿನ ಕಾಲೊರಸಿನ ಮೇಲೆ ನಿಂತಳು. ಅದಕ್ಕಿಂತ ಒಳಗೆ ಹೋಗುವ ರೂಢಿ ಇರಲಿಲ್ಲ. ಒಳಗಿನ ತಂಪು ಗಾಳಿ ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

"ಸಾರ್, ಜೊಂಡಿನ ಕಡೆ ದೋಣಿ ಬಿಡಬೇಡಿ."

"ಯಾಕಮ್ಮಾ?"

"ಅವು ಹೆರೋಕೆ ಬಂದಿವೆ. ನೀರು ಇಳಿಯೋ ತನಕ ಬಿಟ್ಟುಬಿಡಿ. ಆಮೇಲೆ ಕೆರೆ ತುಂಬ ಹಿಡೀರಿ, ಬೇಡ ಅಂದವರು ಯಾರು?"

ಸೆಕ್ರೆಟರಿ ನಕ್ಕ. ಒಳ್ಳೆಯ ನಗು. ಮಕ್ಕಳ ಮಾತಿಗೆ ದೊಡ್ಡವರು ನಗುತ್ತಾರಲ್ಲ, ಹಾಗೆ. "ನಾವೇನು ಕೊಲ್ತೀವಾ? ಬಿಡ್ತೀವಲ್ಲ. ಕೊಲ್ತಾ ಇದ್ದೋರು ನಿಮ್ಮೋರು. ಬಲೆ ಹಾಕಿ ಬಾಚಿ ತಿಂತಿದ್ರಲ್ಲ, ಆಗ ಈ ಕರುಣೆ ಎಲ್ಲಿ ಹೋಗಿತ್ತು?"

"ತಿಂತಿದ್ವಿ ಸಾರ್. ಹಸಿವಿತ್ತು, ತಿಂದ್ವಿ. ಹೆರೋಕೆ ಬಂದವಳ ಬಾಯಿಗೆ ಕೊಕ್ಕೆ ಹಾಕಿ ಎಳೆದು, ಮೈ ಅಳೆದು, ಫೋಟೋ ಹೊಡೆದು, ಹೋಗು ಮಗಳೇ ಅಂತ ನಾವು ಯಾವತ್ತೂ ಕಳಿಸಿಲ್ಲ."

ನಗು ನಿಂತಿತು. ಅವನು ಪೆನ್ನು ಕೆಳಗಿಟ್ಟ.

"ನೋಡು. ಬರೋ ಭಾನುವಾರ ಸ್ಪರ್ಧೆ ಇದೆ. ಹೊರಗಿನಿಂದ ದೊಡ್ಡ ದೊಡ್ಡ ಜನ ಬರ್ತಾರೆ. ಸ್ಪರ್ಧೆ ನಡೆಯೋದೇ ಅಲ್ಲಿ, ಜೊಂಡಿನ ಹಿಂದೆ. ನಿನ್ನೆ ರಾತ್ರಿನೇ ಜಾಗಕ್ಕೆ ಹೆಸರೂ ಇಟ್ಟಾಯ್ತು, ತವರು ಅಂತ. ಎಲ್ಲರಿಗೂ ಬಹಳ ಹಿಡಿಸಿದೆ ಆ ಹೆಸರು. ಅದು ನಿನ್ನ ಕೊಡುಗೆ ಕಣಮ್ಮ. ಅವತ್ತು ನೀನೇ ಮುಂದೆ ನಿಂತು ನಾಲ್ಕು ಮಾತು ಹೇಳ್ಬೇಕು. ಕ್ಲಬ್ಬಿನ ಹೊಸ ಅಂಗಿ ಕೊಡಿಸ್ತೀನಿ."

"ನನಗೆ ಅಂಗಿ ಬೇಡ ಸಾರ್. ಅಲ್ಲಿ ಬೇಡ ಅಂತಿದೀನಿ."

"ನಿನ್ನ ಕೇಳಿದ್ನಾ?" ಎಂದು ಸೆಕ್ರೆಟರಿ ಮತ್ತೆ ಪೆನ್ನು ಎತ್ತಿಕೊಂಡ. "ಭಾನುವಾರ ನೀನು ಹುಳ ತಂದು ನಿಲ್ಲದಿದ್ರೆ ಸೋಮವಾರ ನಿನ್ನ ಅಣ್ಣನಿಗೆ ದೋಣಿ ಇರಲ್ಲ. ಕೇರಿ ಇರೋದು ಯಾರ ಜಾಗದಲ್ಲಿ ಅಂತ ನಿಮ್ಮಣ್ಣನ್ನ ಕೇಳು. ಹೋಗು ಈಗ, ಕಾಲೊರಸು ಒದ್ದೆ ಆಗ್ತಿದೆ."

ಮನೆಯಲ್ಲಿ ಜಗಳವಾಯಿತು. ಒಂದೇ ಕೋಣೆ, ಮೂವರು, ಜಗಳ ಮಾಡಿದರೆ ಎಲ್ಲಿಗೆ ಹೋಗಿ ಮುನಿಸಿಕೊಳ್ಳುವುದು? ಅಣ್ಣ ಗೋಡೆಗೆ ಒರಗಿ ಕೂತಿದ್ದ. ಹುಟ್ಟು ಹಾಕಿ ಹಾಕಿ ಅವನ ಅಂಗೈಯಲ್ಲಿ ಜಡ್ಡು ಕಟ್ಟಿತ್ತು. ಅದನ್ನೇ ಕೀಳುತ್ತಿದ್ದ.

"ನಿನ್ನ ಬಾಯಿಂದ್ಲೇ ಬಂತಲ್ಲೇ. ಹೇಳು ಅಂತ ಯಾರು ಹೇಳಿದ್ರು?"

"ಹೋಗ್ಬೇಡಿ ಅಂತ ಹೇಳಿದ್ದು ಅಣ್ಣ."

"ಹಾಗಂತ ಅವರಿಗೆ ಗೊತ್ತಾಗುತ್ತಾ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಈಗ ಸುಮ್ನಿರು. ಒಂದು ದಿನದ ಸ್ಪರ್ಧೆ. ಆಡ್ಲಿ, ಹೋಗ್ಲಿ."

"ಒಂದು ದಿನ ಅಲ್ಲ. ರುಚಿ ಹತ್ತಿದೆ. ಪ್ರತಿ ವರ್ಷ ಇಲ್ಲೇ ಬರ್ತಾರೆ."

"ಬರ್ಲಿ. ದೋಣಿ ಹೋದ್ರೆ ನೀನು ಹಾಕ್ತೀಯಾ ಅನ್ನ?"

ಒಲೆಯ ಮುಂದೆ ಕೂತಿದ್ದ ಅತ್ತಿಗೆ ತಿರುಗಿದಳು. ಅವಳು ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. "ಹಳ್ಳದಲ್ಲಿ ಮೀನಿಲ್ಲ ಅಂದ್ರೆ ನೀವು ಹಾಕ್ತೀರಾ ಅನ್ನ? ಮುಂದಿನ ವರ್ಷ ಏನು, ಆ ಸಾಹೇಬನ ಟೋಪಿ ಬೇಯಿಸಿ ಬಡಿಸ್ಲಾ ಕೇರಿಗೆಲ್ಲ?"

ಅಣ್ಣ ತಂಗಿಯ ಕಡೆ ನೋಡಿ, "ಮೀನಿಗೆ ಯಾಕೆ ಇಷ್ಟು ಅಳ್ತೀಯ?" ಎಂದ. ಕೇಳಬಾರದ್ದು ಕೇಳಿದೆ ಎಂದು ಕೇಳಿದ ಮೇಲೆ ಅವನಿಗೇ ಹೊಳೆಯಿತು.

ಅವಳೂ ಒಂದು ಕಾಲಕ್ಕೆ ಇದೇ ಮನೆಗೆ ಹೆರಿಗೆಗೆ ಬಂದವಳು. ಇದೇ ಕೋಣೆ. ಆಗ ಅಮ್ಮ ಇದ್ದಳು. ನೋವು ಶುರುವಾದ ದಿನವೇ ಬೇಲಿ ಹಾಕುವ ಜನ ಬಂದರು. ದಡದ ಗುಡಿಸಲು ತೆಗೆಯಬೇಕೆಂದು ಕೋಲಿನಲ್ಲಿ ಬಾಗಿಲು ಬಡಿದರು. ಒಳಗೆ ಹೆರುವವಳಿದ್ದಾಳೆ ಎಂದು ಅಮ್ಮ ಹೊಸ್ತಿಲಿಗೆ ಅಡ್ಡ ಬಿದ್ದು ಹೇಳಿದಳು. ಬೇಗ ಹೆರಲಿ ಎಂದರು. ಹೊರಗೆ ಎಳೆದು ಮರದ ಕೆಳಗೆ ಮಲಗಿಸಿದರು, ಅಳತೆ ಹಿಡಿದರು, ಈ ಗುಡಿಸಲು ತಮ್ಮ ಗೆರೆಯೊಳಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ವಾಪಸ್ ಹೋಗಿ ಎಂದರು. ತಪ್ಪಾಯ್ತು ಎಂದೂ ಒಬ್ಬ ಹೇಳಿದ. ಕೂಸು ಉಳಿಯಲಿಲ್ಲ. ಗಂಡನ ಮನೆಯವರು ಕರೆಯಲು ಬರಲಿಲ್ಲ. ಅವಳು ತವರಲ್ಲೇ ಉಳಿದಳು. ಇದನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವತ್ತೂ ಎತ್ತಲಿಲ್ಲ. ಅತ್ತಿಗೆ ಒಲೆಯ ಬೆಂಕಿ ಆರಿಸಿ, "ಊಟಕ್ಕೆ ಏಳಿ" ಎಂದಳು.

ಭಾನುವಾರ ಬೆಳಿಗ್ಗೆ ಅವಳು ಎಂದಿನಂತೆ ಚರಂಡಿ ಬದಿಗೆ ಹೋಗಿ ಹುಳ ತೆಗೆದಳು. ಡಬ್ಬಿ ತುಂಬಿತು. ಎದ್ದು ನಿಂತಳು. ಸೊಂಟ ಹಿಡಿದುಕೊಂಡು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. ಕ್ಲಬ್ಬಿನ ಕಡೆಯಿಂದ ಮೈಕಿನಲ್ಲಿ ಯಾರೋ ಸ್ವಾಗತ ಹೇಳುತ್ತಿದ್ದರು. ಸುಪ್ರಸಿದ್ಧ ತವರು, ತವರಿಗೆ ಸ್ವಾಗತ ಎಂದು ಆ ಬಾಯಿ ಹೇಳಿತು. ಅವಳು ಡಬ್ಬಿಯನ್ನು ಕೆಸರಿಗೆ ಬೋರಲು ಹಾಕಿದಳು. ಹುಳಗಳು ಮಣ್ಣೊಳಗೆ ಹೋದವು. ಹೆದರಿಕೆಯಾಗಿತ್ತು, ಬಹಳ ಹೆದರಿಕೆಯಾಗಿತ್ತು. ಹೆದರಿಕೆ ಇದ್ದೇ ಅವಳು ಹಿಂದಿನ ಕಾಲುದಾರಿಯಲ್ಲಿ ನಡೆದು, ಬೇಲಿಯ ಕೆಳಗೆ ನುಸುಳಿ, ಜೊಂಡು ಸೀಳಿಕೊಂಡು ತೋಡಿನ ಬಾಯಿಗೆ ಬಂದು ನೀರಿಗಿಳಿದಳು.

ತೋಡಿನ ಬಾಯಿ ಬಹಳ ಅಗಲವಿಲ್ಲ. ಎರಡು ಕಡೆ ಜೊಂಡು, ನಡುವೆ ಒಂದು ದೋಣಿ ಹೋಗುವಷ್ಟು ದಾರಿ. ಆ ದಾರಿಯ ನಡುವೆ ಸೊಂಟದ ನೀರಿನಲ್ಲಿ ನಿಂತಳು. ಅಲ್ಲಾಡದೆ ನಿಂತಳು. ನೀರು ತಿಳಿಯಾದ ಮೇಲೆ ಮೀನು ಬರತೊಡಗಿದವು. ಕಾಲಿಗೆ ಹೊಟ್ಟೆ ಸವರಿಕೊಂಡು ಒಳಗೆ ಹೋಗುತ್ತಿದ್ದವು. ಹೆದರುತ್ತಿರಲಿಲ್ಲ. ಅವಕ್ಕೆ ಅವಳೂ ಒಂದು ಜೊಂಡು.

ದೋಣಿಗಳು ಬಂದವು. ಮುಂದಿನ ದೋಣಿ ಅಣ್ಣನದು. ಅದರಲ್ಲಿ ಸೆಕ್ರೆಟರಿ, ಟೋಪಿ ಸಾಹೇಬ, ಕ್ಯಾಮೆರಾ ಹಿಡಿದವನು. ಅವಳನ್ನು ನೋಡಿ ಅಣ್ಣನ ಕೈ ನಿಂತಿತು.

"ಏಯ್, ಅಲ್ಲೇನು ಮಾಡ್ತಿದೀಯ? ಹುಳ ಎಲ್ಲಿ?" ಎಂದ ಸೆಕ್ರೆಟರಿ.

"ಹುಳ ಇಲ್ಲ ಸಾರ್."

"ಆಚೆ ಹೋಗು. ದೋಣಿ ಹೋಗ್ಬೇಕು."

"ಹೋಗಲ್ಲ."

ಹಿಂದಿನ ದೋಣಿಯವರು ಏನಾಯಿತು ಎಂದು ಕೇಳುತ್ತಿದ್ದರು. ಅತಿಥಿಗಳ ಮುಂದೆ ಸೆಕ್ರೆಟರಿ ದನಿ ತಗ್ಗಿಸಿದ. "ನೋಡಮ್ಮಾ, ನಿನಗೆ ಏನು ಬೇಕು ಹೇಳು. ಆಮೇಲೆ ಕೂತು ಮಾತಾಡೋಣ. ಈಗ ದಾರಿ ಬಿಡು."

"ನಿಮ್ಮ ಕೋಣೆಗೆ ಬಂದು ಹೇಳಿದ್ನಲ್ಲ ಸಾರ್. ನಿಮಗೆ ನೆನಪಿಲ್ಲ."

ಸೆಕ್ರೆಟರಿ ಅಣ್ಣನ ಭುಜಕ್ಕೆ ಕೈಯಿಂದ ತಿವಿದ. "ನಡೆಸೋ. ಹತ್ತಿರ ಬಂದ್ರೆ ತಾನೇ ಸರೀತಾಳೆ. ನಡೆಸು ಅಂದೆ."

ಅಣ್ಣ ಹುಟ್ಟು ನೀರಿಗೆ ಹಾಕಿದ. ಒಂದು ಸಲ ಎಳೆದ. ದೋಣಿ ಮುಂದೆ ಬಂದು ಮೂಗು ಅವಳ ಎದೆಗೆ ತಾಗಿತು. ಅವಳು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡು ಅಣ್ಣನ ಮುಖ ನೋಡಿದಳು. ಅಣ್ಣ ಹುಟ್ಟು ಮೇಲಕ್ಕೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ಆಗಲ್ಲ ಸಾರ್," ಎಂದ. ಅವನ ದನಿ ಅವನಿಗೇ ಕೇಳಿಸಿರಲಿಕ್ಕಿಲ್ಲ.

ಅಷ್ಟರಲ್ಲಿ ಅವಳ ಹಿಂದೆ ತೋಡಿನೊಳಗೆ ನೀರು ಕಲಕಿ ಒಂದು ದೊಡ್ಡ ಬೆನ್ನು ಮೇಲೆದ್ದು ಮುಳುಗಿತು. ಟೋಪಿ ಸಾಹೇಬ ಎದ್ದು ನಿಂತ. ಹುಳವಿಲ್ಲದಿದ್ದರೂ ಅವನ ಬಳಿ ಹೊಳೆಯುವ ತಗಡಿನ ಆಟದ ಮೀನು ಇತ್ತು, ಅದಕ್ಕೆ ಮೂರು ಕೊಕ್ಕೆ. ಅವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಅವಳ ತಲೆಯ ಮೇಲಿಂದ ಕೋಲು ಬೀಸಿದ. ಅವಳು ತಡೆಯಲು ಕೈ ಎತ್ತಿದಳು. ಕೊಕ್ಕೆ ಮುಂಗೈಗೆ ಬಿತ್ತು. ಏನೋ ಸಿಕ್ಕಿತೆಂದು ಅವನು ಎಳೆದ.

ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು ಇರುತ್ತದೆ. ಒಳಗೆ ಹೋಗುವಾಗ ಅದು ಗೊತ್ತಾಗುವುದಿಲ್ಲ, ಹೊರಗೆ ಬರುವಾಗ ಮಾಂಸ ಕೇಳುತ್ತದೆ. ಅವಳ ಬಾಯಿಂದ ಸದ್ದು ಬಂತು. ರಕ್ತ ಮೊಣಕೈಗೆ ಇಳಿದು ನೀರಿಗೆ ಬಿತ್ತು. ಟೋಪಿ ಸಾಹೇಬನ ಮುಖ ಬಿಳುಚಿಕೊಂಡಿತು. ಅವನೇನು ರಾಕ್ಷಸನಲ್ಲ.

"ಅಯ್ಯೋ, ನೋಡ್ಲಿಲ್ಲಮ್ಮ. ನಿಜವಾಗ್ಲೂ ನೋಡ್ಲಿಲ್ಲ. ಯಾರಾದ್ರೂ ಬಿಡಿಸಿ ಇವಳನ್ನ."

ಯಾರು ಬಿಡಿಸುವುದು? ದೋಣಿಗಳ ತುಂಬ ಗಾಳ ಹಾಕುವವರೇ, ಗಾಳ ಬಿಡಿಸಲು ಬರುವವರು ಒಬ್ಬರೂ ಇರಲಿಲ್ಲ. ಆ ಕೆಲಸ ಅವಳದಾಗಿತ್ತು. ಕಡೆಗೆ ಸೆಕ್ರೆಟರಿ ಕಿರಿಚಿದ. "ದಾರ ಕತ್ತರಿಸಿ. ಕತ್ತರಿಸಿ ಬಿಟ್ಟುಬಿಡಿ ಅವಳನ್ನ." ಕ್ಯಾಮೆರಾದವನು ಜೇಬಿನಿಂದ ಚಾಕು ತೆಗೆದ.

ಅವಳು ಇನ್ನೊಂದು ಕೈಯಿಂದ ದಾರ ಹಿಡಿದುಕೊಂಡಳು. ಆ ಕೈಗೇ ಒಂದು ಸುತ್ತು ಸುತ್ತಿ ತನ್ನ ಕಡೆಗೆ ಎಳೆದಳು. ದಾರ ಬಿಗಿಯಾಯಿತು. ಆ ತುದಿಯಲ್ಲಿ ಟೋಪಿ ಸಾಹೇಬ ಕೋಲು ಹಿಡಿದುಕೊಂಡೇ ಮುಗ್ಗರಿಸಿ ದೋಣಿಯ ಅಂಚಿಗೆ ಮಂಡಿಯೂರಿದ. ಕೋಲಿನ ಪಟ್ಟಿ ಅವನ ಕೈಗೆ ಬಿಗಿದಿತ್ತು. ನೋವಿಗೆ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಚಾಕು ಒಳಗಿಡಿ," ಎಂದಳು. "ಹತ್ತಿರ ಬಂದ್ರೆ ದೋಣಿ ಮಗುಚ್ತೀನಿ. ಈ ಕೆಸರಲ್ಲಿ ನಿಲ್ಲೋದು ನನಗೆ ಗೊತ್ತು, ನಿಮಗಲ್ಲ."

ಚಾಕುವಿನವನು ಕೂತುಬಿಟ್ಟ. ಹಿಂದಿನ ದೋಣಿಯೊಂದು ತಿರುಗಿತು. ಆಮೇಲೆ ಇನ್ನೊಂದು. ಅತಿಥಿಗಳು ರಕ್ತ ನೋಡಲು ಬಂದವರಲ್ಲ. ದಡದಲ್ಲಿ ಜೀಪಿನ ಹಾರನ್ ಕೇಳಿಸಿತು, ಸೆಕ್ರೆಟರಿ ಪೊಲೀಸರಿಗೆ ಫೋನಿನಲ್ಲಿ ಬೇಗ ಬನ್ನಿ ಎನ್ನುತ್ತಿದ್ದ. ಇನ್ನೇನು ಬರುತ್ತಾರೆ. ಬಂದರೆ ಕೇಸು, ದೋಣಿ ಹೋಯಿತು, ಕೇರಿಗೆ ಏನಾಗುತ್ತದೋ. ಅವಳಿಗೆ ಎಲ್ಲ ಗೊತ್ತಿತ್ತು. ಅಣ್ಣನೂ ಅದನ್ನೇ ಯೋಚಿಸುತ್ತಿದ್ದ. ಆದರೂ ಅವನ ಕೈ ಹುಟ್ಟು ಮುಟ್ಟಲಿಲ್ಲ.

ಟೋಪಿ ಸಾಹೇಬ ಅಳುವ ದನಿಯಲ್ಲಿ ಬೇಡಿಕೊಂಡ. "ಸಾಕಮ್ಮ, ನೋವಾಗುತ್ತೆ ನಿನಗೆ. ಬಿಟ್ಟಿದೀವಮ್ಮ. ನಿನ್ನನ್ನ ಬಿಟ್ಟಿದೀವಿ, ಹೋಗು."

ಅವಳ ಕಾಲಿನ ಪಕ್ಕದಲ್ಲಿ ಒಂದು ಭಾರದ ಹೊಟ್ಟೆ ಸವರಿಕೊಂಡು ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು.

"ನೀವು ಬಿಟ್ರೆ ಆಯ್ತಾ ಸಾರ್?" ಎಂದಳು. "ನಾನು ಬಿಡಬೇಕಲ್ಲ."

ದಾರವನ್ನು ಕೈಗೆ ಮತ್ತೊಂದು ಸುತ್ತು ಸುತ್ತಿಕೊಂಡಳು.